ಹನ್ನೊಂದು ಸಲ

"ನನ್ನ ಮನೆ ಎಲ್ಲಿಗೆ ಹೋಯಿತಮ್ಮಾ?"
ಬೆಳಿಗ್ಗೆ ಎಂಟಕ್ಕೇ ಸೀಫಸ್ ಬ್ಯಾರೋನ ಫೋನು.
ಎಲ್ಲಿಗೂ ಹೋಗಿಲ್ಲ ತಾತ, ಅಲ್ಲೇ ಇದೆ,
ಅದೇ ಗೆಣಸಿನ ಹೊಲದ ಬದಿಗೆ, ಅದೇ ತುಕ್ಕು ತಗಡಿನ ಕೆಳಗೆ.
ಬದಲಾದದ್ದು ನಂಬರು ಮಾತ್ರ:
ಇಪ್ಪತ್ತನಾಲ್ಕು ಇದ್ದದ್ದು ಈಗ ಏಳು.
"ಏಳು ಅಂದರೆ ಸಮುದ್ರದ ಕಡೆಯವರಲ್ಲವೇ,
ದೋಣಿ ಇಟ್ಟುಕೊಂಡವರು?"
ಹೌದು ತಾತ. ಈಗ ನೀವೂ ಅವರೇ.
ಆ ಕಡೆಯಿಂದ ಬಹಳ ಹೊತ್ತು ಬರೀ ಉಸಿರು,
ಆಮೇಲೆ ನಗು.
"ಹಾಗಾದರೆ ದೋಣಿ ಯಾವಾಗ ಕಳಿಸುತ್ತೀರಿ?"

ಚುನಾವಣಾ ಕಚೇರಿಯಲ್ಲಿ ಹತ್ತೊಂಬತ್ತು ವರ್ಷ ನನಗೆ.
ಕೋರ್ಟು ಕಟ್ಟಡದ ನೆಲಮಾಳಿಗೆ, ಎರಡು ಮೇಜು,
ಕೆಮ್ಮುವ ಒಂದು ಪ್ರಿಂಟರು.
ರಾಜಧಾನಿ ರಾಲಿಯಿಂದ ನಕ್ಷೆ ಬಂತು,
ನಾನು ಕಾರ್ಡು ಅಚ್ಚು ಹಾಕಿದೆ, ಒಂಬತ್ತು ಸಾವಿರದ ಇನ್ನೂರು.
ಅದರಲ್ಲೊಂದು ನನ್ನ ಹೆಸರಿಗೇ ಇತ್ತು.
ಅಂಚೆಚೀಟಿ ಹಚ್ಚಿ ನನಗೇ ಕಳಿಸಿಕೊಂಡೆ.
ಗುರುವಾರ ಬಂತು. ಓದಿದೆ, ಏನೂ ಗೊತ್ತಿರದವಳ ಹಾಗೆ.

ಗೆರೆ ಎಳೆದವನು ಕೆಟ್ಟವನೇ ಇರಬೇಕೆಂದಿಲ್ಲ.
ಬೆಳಗುವ ಪರದೆಯ ಮುಂದೆ ಕೂತವನು,
ಮಧ್ಯಾಹ್ನಕ್ಕೆ ಏನು ತಿಂದನೋ.
ನೀಲಿ ಎಳೆ ಕಂಡಲ್ಲಿ ಹೊಳೆ ಎಂದುಕೊಂಡ.
ಅದು ಹ್ಯಾಡ್ಲಿ ತೊರೆ, ಜುಲೈಯಲ್ಲಿ ನಾಯಿಯ ನಾಲಗೆಯೂ ನೆನೆಯದು.
ಆದರೂ ಕೈತಪ್ಪಿ ಎಳೆದ ಗೆರೆಯಲ್ಲ ಅದು:
ಹೆದ್ದಾರಿ ಬಿಟ್ಟು ಒಳಗೆ ತಿರುಗುತ್ತದೆ,
ನಮ್ಮ ಬೀದಿಗಳ ನಡುವೆ, ಮೀನು ಬಿಡಿಸುವವನ ಚಾಕುವಿನಂತೆ,
ಮುಳ್ಳು ಎಲ್ಲೆಲ್ಲಿದೆಯೆಂದು ಬಲ್ಲಂತೆ ಸರಿಯುತ್ತದೆ.
ಬೆಥೆಸ್ಡಾ ಚರ್ಚಿನ ವೇದಿಕೆ ಏಳರಲ್ಲಿ,
ಹಿತ್ತಲಲ್ಲಿ ಶುಕ್ರವಾರ ಮೀನು ಕರಿಯುವ ಬಾಣಲೆ ಇಪ್ಪತ್ತನಾಲ್ಕರಲ್ಲಿ;
ಪ್ರಾರ್ಥನೆಗೊಬ್ಬ ಪ್ರತಿನಿಧಿ, ಹಸಿವಿಗೊಬ್ಬ.
ಪ್ಯಾರಿಶ್ ಬೀದಿಯ ಅಣ್ಣತಮ್ಮ ಎದುರುಬದುರು.
ಅವರಿಗೆ ಮೊದಲೇ ಮಾತಿರಲಿಲ್ಲ,
ಈಗ ಕಾರಣವೂ ಸಿಕ್ಕಿತು.

ವರ್ಲೀನ್ ಮೇಬ್ರಿ ಬಂದದ್ದು ಮಂಗಳವಾರ,
ಶಾಲಾ ಬಸ್ಸಿನ ಸರದಿ ಮುಗಿಸಿ, ಕೀಲಿಗೊಂಚಲು ಇನ್ನೂ ಸೊಂಟದಲ್ಲಿ.
ಹೋದ ಸಲ ತೊಂಬತ್ತೊಂದು ಮತಗಳಿಂದ ಸೋತವಳು.
ಎರಡು ವರ್ಷ ಆ ತೊಂಬತ್ತೊಂದನ್ನು ಹುಡುಕುತ್ತಾ
ಕಂಡ ಕಂಡ ಬಾಗಿಲು ಬಡಿದಿದ್ದಳು,
ಲಾಂಡ್ರಿ ಅಂಗಡಿ, ಕೋಳಿ ಕಾರ್ಖಾನೆಯ ರಾತ್ರಿಪಾಳಿ,
ಕ್ಷೌರದಂಗಡಿಯಲ್ಲಿ ಕೂದಲಿಲ್ಲದೆಯೂ ಕಾಯುವ ಮುದುಕರು.
ಸಿಕ್ಕಿದ್ದರಂತೆ. ನೂರಾ ನಲವತ್ತು ಮಂದಿ ಸಿಕ್ಕಿದ್ದರಂತೆ,
ಹೆಸರು ಸಮೇತ, ನೋಟುಪುಸ್ತಕದಲ್ಲಿ.
ಅವರೆಲ್ಲ ಈಗ ಗೆರೆಯ ಆಚೆ.
ಅವಳ ಮನೆ ಈಚೆ.

ಅಳಲಿಲ್ಲ. ನಕ್ಷೆಯ ಒಂದು ಪ್ರತಿ ಕೇಳಿದಳು,
ಐವತ್ತು ಸೆಂಟು ಕೊಟ್ಟಳು, ರಸೀದಿ ಪಡೆದಳು.
ನನ್ನ ಮೇಜಿನ ಮೇಲೇ ಹರಡಿ
ಕೆಂಪು ಪೆನ್ಸಿಲ್ಲಿನಲ್ಲಿ ತನ್ನ ಬಸ್ಸಿನ ದಾರಿ ಎಳೆದಳು,
ಹೆಚ್ಚು ನೋಡದೆ, ಕತ್ತಲಲ್ಲಿ ಸ್ವಿಚ್ಚು ಹುಡುಕುವ ಕೈಯಂತೆ:
ಇಲ್ಲಿ ಅವಳಿಗಳು, ಇಲ್ಲಿ ಇನ್ಹೇಲರಿನ ಹುಡುಗ,
ಇಲ್ಲಿ ಅಜ್ಜಿ ಕೈಬೀಸುವವರೆಗೆ ಕಾಯಬೇಕು.
ನಾನು ಎಣಿಸಿದೆ. ಹನ್ನೊಂದು ಸಲ
ಕೆಂಪು ಕಪ್ಪನ್ನು ದಾಟಿತು.
"ಒಂದು ಸಲವೂ ಬಸ್ಸು ಕುಲುಕಿಲ್ಲ," ಎಂದಳು.

ಈಗೇನು ಮಾಡುತ್ತೀ? ಕೇಳಬಾರದಿತ್ತು,
ಈ ಕುರ್ಚಿಯಲ್ಲಿ ಕೂತವರು ಕೇಳಬಾರದು.
ಅರ್ಜಿ ಎಳೆದುಕೊಂಡು ಬರೆದಳು: ಏಳು.
ಬರೆದ ಮೇಲೂ ಪೆನ್ನು ಸ್ವಲ್ಪ ಹೊತ್ತು ಅಲ್ಲೇ ನಿಂತಿತ್ತು.
"ಅಲ್ಲಿ ಯಾರಿದ್ದಾರೆ?"
ಗೊತ್ತಿಲ್ಲ, ಎಂದೆ. ನನ್ನ ಹತ್ತಿರ ಇರುವುದು ಪಟ್ಟಿ.
"ಹಾಗಾದರೆ ಓದು."

ಮುಚ್ಚಲು ಇನ್ನು ನಲವತ್ತು ನಿಮಿಷ.
ಓದಿದೆ: ಆಲ್ಡನ್ ಕ್ರೀಫ್, ದೀಪಸ್ತಂಭದ ರಸ್ತೆ.
ಮಾರ್ಗರೀಟ್ ಓಸ್ಗುಡ್, ಅದೇ ರಸ್ತೆ, ಕೊನೆಯ ಮನೆ.
ಥರ್ಮನ್ ಗ್ಯಾಸ್ಕಿಲ್.
ಆಗಸ್ಟಿನಲ್ಲಿ ಹೊಸ ಮಕ್ಕಳ ಹೆಸರು ಕಲಿಯುವಂತೆ
ಒಂದೊಂದನ್ನೂ ಎರಡೆರಡು ಸಲ ತುಟಿಯಲ್ಲಿ ಹೊರಳಿಸಿದಳು.
"ಗ್ಯಾಸ್ಕಿಲ್. ಕೊನೆಗೆ ಎಲ್ ಒಂದೋ, ಎರಡೋ?"
ಎರಡು, ಎಂದೆ.
ಬರೆದುಕೊಂಡಳು.
"ಮುಂದೆ?"