ಸೊಂಟಪಟ್ಟಿ

ಮೊದಲ ಸಲ ನೀನೇ ಕೇಳಿದಿ, 'ಒಂದಿಂಚು ಹಿಡಿದು ಹೊಲಿ.'
ಕೌಲ್ ಬಜಾರಿನ ಈ ಶೆಡ್ಡಿನಾಗ
ದಿನಾ ನೂರು ಜೀನ್ಸಿಗೆ ಸೊಂಟಪಟ್ಟಿ ಹಚ್ಚಾಕಿ ನಾನು,
ಗೆಳತಿಗೊಂದು ಇಂಚು ಏನು ಮಹಾ.
'ಚೆಂದ ಕಾಣಸ್ತಿ' ಅಂತ ಬ್ಯಾರೆ ಅಂದೆ, ಹುಲಿಗೆಮ್ಮ.
ಅಂದದ್ದು ಈಗ ಗಂಟಲಾಗ ಸೂಜಿ.

ಯುಗಾದಿಗೆ ಇನ್ನೊಂದು.
ಮೊಹರಂ ಹೊತ್ತಿಗೆ ಮತ್ತ.
ನಿನ್ನ ಬುತ್ತಿಯ ರೊಟ್ಟಿ ಎಲ್ಲಿ ಹೋಗತೈತಿ
ಶೆಡ್ಡಿನ ಹಿಂದಿನ ಕಂದುನಾಯಿಗೆ ಗೊತ್ತು,
ನನಗೂ.
'ಉಂಡೇ ಬಂದೀನಿ' ಅಂತಿ,
ನೀಲಿ ಹತ್ತಿದ ಬೆರಳು ನಡುಗಿ
ಬಾಬಿನ್ ಉರುಳತೈತಿ.

ಹೋದ ಸೋಮವಾರ ತಂದಿ ಅದೇ ಪ್ಯಾಂಟು.
'ಆಗೂದಿಲ್ಲ' ಅಂದೆ.
'ಹಿಂದಿನ ಎರಡೂ ಕಿಸೆ ಒಂದಕ್ಕೊಂದು ತಾಗ್ಯಾವ, ನೋಡು.'
ನೀ ನೋಡಲಿಲ್ಲ. ಮಾತೂ ಬಿಟ್ಟಿ.

ಉಣ್ಣು ಅಂತ ಇನ್ನು ಬೆನ್ನು ಹತ್ತೂದಿಲ್ಲ.
ಗುರುವಾರ ಅರ್ಧ ದಿನ ರಜಾ ಕೇಳೀನಿ, ಇಬ್ಬರಿಗೂ.
ದೊಡ್ಡಾಸ್ಪತ್ರೆಯ ಚೀಟಿಸಾಲಿಗೆ ನಾ ನಿಂತಿರತೀನಿ,
ನೀ ಬೇವಿನ ನೆರಳಿಗೆ ಕೂಡು.
ಬರದಿದ್ದರ ಮುಂದಿನ ಗುರುವಾರ ಕೇಳತೀನಿ.

ಪ್ಯಾಂಟು ನನ್ನ ಹತ್ತಿರಾನ ಐತಿ.
ರಾತ್ರಿ ಬ್ಲೇಡು ಹಿಡಿದು
ನಾನೇ ಹಾಕಿದ ಹೊಲಿಗಿ ಬಿಚ್ಚಾಕ ಕುಂತೀನಿ.
ನಿನಗ ಹೇಳಬೇಕೋ ಬ್ಯಾಡೋ ತಿಳಿಯದು.
ಹೊರಗ ಎಲ್ಲಾ ಒಗೆದೊಗೆದು ಬೆಳ್ಳಗಾಗೇತಿ,
ಒಳಗ ಮಡಿಚಿಟ್ಟ ಬಟ್ಟಿ ಮಾತ್ರ
ಇನ್ನೂ ಕಡುನೀಲಿ.