ಮಿಕ್ಕ ಮಣ್ಣು

ಹೂಮಳೆಗೆ ಇನ್ನು ಹನ್ನೆರಡು ದಿನ, ಉತ್ತಯ್ಯನವರ ಅಂದಾಜು.
ಅಷ್ಟರೊಳಗೆ ಮುಗಿಸಬೇಕು.
ಬಿಟ್ಟಂಗಾಲದಾಚೆಯ ಈ ಪಾರೆಯ ಮೇಲೆ
ನೂಲು ಎಳೆದು ಚೌಕ ಮಾಡಿದ್ದೇವೆ.
ರೊಬಸ್ಟಾ ಗಿಡಗಳಿಗೆ ನಮ್ಮ ಲೆಕ್ಕ ತಿಳಿಯದು,
ಬೇರನ್ನು ಮೂರನೆಯ ಚೌಕದಿಂದ ನಾಲ್ಕಕ್ಕೆ ದಾಟಿಸಿಬಿಟ್ಟಿವೆ.

ನನ್ನ ಕೆಲಸ ಚಿತ್ರ ಬರೆಯುವುದು, ಒಂದಕ್ಕೆ ಹತ್ತು.
ಹತ್ತು ಗೇಣು ಕಲ್ಲು, ಕಾಗದದಲ್ಲಿ ಒಂದು ಗೇಣು.
ಸುತ್ತ ನಾಲ್ಕು ಚಪ್ಪಡಿ, ಮೇಲೊಂದು ಮುಚ್ಚಳ,
ಮೂಡಣ ಚಪ್ಪಡಿಯಲ್ಲಿ ದುಂಡನೆಯ ಕಿಂಡಿ,
ತೆಂಗಿನಕಾಯಿ ತೂರುವಷ್ಟು.
ಊರವರಿಗೆ ಇದು ಪಾಂಡವರ ಮನೆ.
ಭೀಮ ಕಾಲು ಎಲ್ಲಿ ಚಾಚುತ್ತಿದ್ದ, ಕೇಳಿದೆ.
"ವನವಾಸದಲ್ಲಿ ಎಲ್ಲರೂ ಮುದುರಿಯೇ ಮಲಗೋದು"
ಅಂದರು ಉತ್ತಯ್ಯನವರು. ತೋಟ ಅವರದು.

ಗುಂಡಿಯ ಅಂಚು ಸಿಗದೆ
ಹಿರೇಮಠ ಸರ್ ಮೂರು ದಿನ ಕುಂಚ ಆಡಿಸಿದರು.
ಕೆಂಪಿನೊಳಗೆ ಕೆಂಪು.
ನೀರು ಚಿಮುಕಿಸಿ ನೋಡಿದರು, ಓರೆ ಬಿಸಿಲಿಗೆ ಕಾದರು.
ನಾಲ್ಕನೆಯ ದಿನ ಬುಟ್ಟಿ ಹೊರುವ ಕರಿಂಬಿ
ಬರಿಗಾಲಲ್ಲಿ ಎರಡು ಸಲ ನಡೆದು, ನಿಂತಳು:
"ಇಲ್ಲಿಂದ ತೋಡಿದ್ದು. ಅಲ್ಲಿ ತೋಡಿದ್ದಲ್ಲ."
ಹೇಗೆ?
"ಒಂದ್ಸಲ ತೋಡಿದ ಮಣ್ಣು
ಮೊದಲಿನ ಹಾಗೆ ಕೂರೋದಿಲ್ಲ ಅಮ್ಮ. ಕಾಲಿಗೆ ಗೊತ್ತಾಗ್ತದೆ."
ಮೂವತ್ತು ವರ್ಷ ಕಾಫಿಗುಂಡಿ ತೋಡಿದ ಕಾಲು.
ಕರಣೆ ಇಟ್ಟರೆ, ಅವಳ ಹಿಮ್ಮಡಿಯ ಗುರುತಿನಲ್ಲೇ
ಅಂಚು ಬಿಟ್ಟುಕೊಂಡಿತು.

ಮೊಳ ಆಳಕ್ಕೆ ಕಪ್ಪು-ಕೆಂಪು ಗಡಿಗೆಯ ಕಂಠ.
ತುದಿ ಬಾಗಿಸಿ ಇಟ್ಟ ಕತ್ತಿ, ಈಗ ತುಕ್ಕಿನ ಮುದ್ದೆ.
ಕೆಂಪು ಮಣಿ ಏಳು.
ಸುಟ್ಟ ಎಲುಬಿನ ಚೂರುಗಳ ನಡುವೆ ಒಂದು ಹಲ್ಲು,
ಸವೆದೇ ಇರಲಿಲ್ಲ.
"ಸಾವಾದರೆ ನಮ್ಮಲ್ಲಿ ಎರಡು ಗುಂಡು ಹಾರಿಸೋದು,
ಈಗ ಹಾರಿಸಲೋ ಹೇಗೆ?" ಉತ್ತಯ್ಯನವರು ನಕ್ಕರು.
ಯಾರೂ ಜೊತೆಗೆ ನಗಲಿಲ್ಲ.
ಸ್ವಲ್ಪ ಹೊತ್ತಾದ ಮೇಲೆ ಟೋಪಿ ತೆಗೆದು
ಬಿಸಿಲಲ್ಲಿ ಹಾಗೇ ನಿಂತರು.

ಊಟದ ಹೊತ್ತಿಗೆ ಕರಿಂಬಿ ನನ್ನ ಹಾಳೆ ಇಣುಕಿದಳು.
"ಇದರಲ್ಲಿ ಎಲ್ಲಾ ಬರ್ತದಾ?"
ಸಿಕ್ಕಿದ್ದೆಲ್ಲ, ಅಂದೆ.
ಗದ್ದ ಎತ್ತಿ ತೋರಿಸಿದಳು:
ನೂಲಿನಾಚೆ, ಮೂರನೇ ಸಾಲು, ಹಾಲುವಾಣ ಮರದ ಬುಡ.
"ಅಲ್ಲಿ ನಮ್ಮವ್ವ."
ಒಂದು ಕಲ್ಲು ಇಟ್ಟಿದ್ದರಂತೆ.
ಮರುನಾಟಿ ಮಾಡುವಾಗ ಯಾರೋ ಅದನ್ನೆತ್ತಿ
ನೀರಿನ ಪೈಪಿಗೆ ಆಸರೆ ಕೊಟ್ಟರಂತೆ.
ಎಷ್ಟು ವರ್ಷವಾಯಿತು?
"ಈ ಗಿಡ ಕಾಯಿ ಬಿಡೋದಕ್ಕೆ ಮುಂಚೆ" ಅಂದಳು,
ಅನ್ನ ಕಲಸುತ್ತ.

ಅಳೆದೆವು. ಟೇಪಿನ ಆ ತುದಿ ಅವಳೇ ಹಿಡಿದಳು.
ಹನ್ನೊಂದು ಹೆಜ್ಜೆ, ಉತ್ತರಕ್ಕೆ ತುಸು ಓರೆ.
ಚೌಕಗಳೆಲ್ಲ ಮುಗಿದ ಮೇಲೆ, ಹಾಳೆಯ ಅಂಚಿನಲ್ಲಿ
ಒಂದು ಚುಕ್ಕೆ.
ಸಂಜೆ ಹಿರೇಮಠ ಸರ್ ಬೆರಳಿಟ್ಟು ಕೇಳಿದರು, ಇದೇನು?
ಪೆನ್ಸಿಲ್ ಜಾರಿತು ಸರ್.
ರಬ್ಬರ್ ಕೊಟ್ಟರು.
ತೆಗೆದುಕೊಂಡೆ, ಜೇಬಿಗೆ ಹಾಕಿಕೊಂಡೆ.

ಒಂಬತ್ತನೆಯ ದಿನಕ್ಕೇ ಗುಡುಗಿತು.
ಅವಸರದಲ್ಲಿ ಟಾರ್ಪಾಲು ಹಾಸಿ ಗುಂಡಿ ಮುಚ್ಚಿದೆವು.
ತೆಗೆದ ಮಣ್ಣು ತುಂಬಿಸಿ, ತುಳಿದು, ಮತ್ತೆ ತುಂಬಿಸಿ,
ಆದರೂ ನಾಲ್ಕು ಬುಟ್ಟಿ ಮಿಕ್ಕಿತು.
ಗಡಿಗೆ, ಕತ್ತಿ, ಎಲುಬು ಹೊರಗಿವೆ,
ಕಡಿಮೆ ಬೀಳಬೇಕಿತ್ತಲ್ಲ?
"ಮಣ್ಣು ಹಾಗೇ, ಹೊರಗೆ ಬಂದರೆ ಗಾಳಿ ಕುಡಿಯುತ್ತೆ,
ಎಲ್ಲಾದರೂ ಸುರೀರಿ" ಅಂದರು ಸರ್, ಪೆಟ್ಟಿಗೆ ಕಟ್ಟುತ್ತ.

ಕರಿಂಬಿ ಮೊದಲ ಬುಟ್ಟಿ ತಲೆಗೇರಿಸಿ
ನೂಲು ದಾಟಿದಳು.
ಎಣಿಸಿದೆ. ಹನ್ನೊಂದು.
ಎರಡನೆಯದು. ಮೂರನೆಯದು.
ನಾಲ್ಕನೆಯದಕ್ಕೆ ಉತ್ತಯ್ಯನವರು ಮಾತಿಲ್ಲದೆ
ಅಡ್ಡ ಬಂದ ರೆಂಬೆಯನ್ನು ಎತ್ತಿ ಹಿಡಿದರು.
ಮೊಗ್ಗು ತುಂಬಿದ ರೆಂಬೆ.

ಸುರಿದ ಮಣ್ಣನ್ನು ಅವಳು ತುಳಿದು ಕೂರಿಸಲಿಲ್ಲ.
ಉಬ್ಬಾಗಿಯೇ ಬಿಟ್ಟು, ಬುಟ್ಟಿ ಕೊಡವಿ,
ಹಿಂದಕ್ಕೆ ಬಂದು
ಕೂಲಿಯ ಪುಸ್ತಕಕ್ಕೆ ಹೆಬ್ಬೆಟ್ಟು ಒತ್ತಿದಳು.
ಹೆಬ್ಬೆಟ್ಟಿನ ಮೇಲೆ ಮಣ್ಣಿತ್ತು.
ಮೊದಲ ಹನಿ ಪುಟದ ಮೇಲೆ ಬಿತ್ತು.