ಹಾಲಪ್ಪನ ಪ್ಲೇಟು

ಅರವತ್ತಾರರಲ್ಲಿ ಹತ್ತಿ ಗಿರಣಿಗೆ ಹೊಸ ಮಷೀನು ಬಂತು,
ಹಿಂದೆಯೇ ಅದನ್ನು ಕೂರಿಸಲು ಬಂದ ಹಾಲಿವೆಲ್.
ಕೆಂಪು ಕತ್ತು, ಮೊಣಕಾಲ ಚಡ್ಡಿ, ಜೇಬಲ್ಲಿ ಸ್ಪ್ಯಾನರು.
ಮೂರನೇ ಪಾಳಿಯವರ ಬಾಯಲ್ಲಿ ಎರಡೇ ದಿನಕ್ಕೆ ಹಾಲಪ್ಪನಾದ.
"ನಿಮ್ಮದೂ ಮ್ಯಾಂಚೆಸ್ಟರಂತೆ, ನಾನೂ ಮ್ಯಾಂಚೆಸ್ಟರಿನವನು" ಅಂದನಂತೆ,
ಮಂಡಕ್ಕಿ ಜೊತೆ ಮೆಣಸಿನಕಾಯಿ ಕಚ್ಚಿ
ಸುರಿವ ಕಣ್ಣು ತೋರಿಸಿ
"ನಮ್ಮಲ್ಲಿ ಮಳೆ ಹೀಗೇ" ಅಂದನಂತೆ.

ಹೋಗುವಾಗ ಬಿಟ್ಟುಹೋದದ್ದು
ಒಂದು ಬೆಕ್ಕು, ಒಂದು ಮಡಚೋ ಕುರ್ಚಿ,
ಅಂಗೈಗಿಂತ ತುಸು ದೊಡ್ಡ ಕರೀ ಪ್ಲೇಟು.
ಕವರಿನ ಮೇಲೆ ಐದು ಹುಡುಗರು.
ಹಣೆ ತುಂಬ ಕೂದಲು, ಬಾಯಿ ತುಂಬ ಹಲ್ಲು,
ಒಂದೇ ಥಾನಿನಲ್ಲಿ ಹೊಲಿಸಿದ ಕೋಟು,
ಒಬ್ಬನಂತೂ ಫೋಟೋದವನ ಮೂಗಿಗೇ ಕಾಲೆತ್ತಿದ್ದಾನೆ.
"ಇವರೂ ನಮ್ಮಂಗೆ ಬ್ಯಾಂಡ್‌ಸೆಟ್ಟಿನವರೇ ಬಿಡು,
ಕೋಟು ನೋಡಿದ್ರೆ ಗೊತ್ತಾಗಲ್ಲೇನು"
ಅಂದ, ತುತ್ತೂರಿ ಒರೆಸುತ್ತ ದುರುಗಪ್ಪ.

ಕ್ಲಾರಿನೆಟ್ಟು ಬುಡೇನ್ ಸಾಬರದು. ಸಣ್ಣ ಡ್ರಮ್ಮು ನನ್ನದು.
ನನಗಾಗ ಹದಿಮೂರು, ಡ್ರಮ್ಮು ನನಗಿಂತ ಹಿರಿಯದು.
ಹೊಂಡದ ಸರ್ಕಲ್ಲಿನ ಮೈಕ್‌ಸೆಟ್ಟಿನ ಅಂಗಡಿಯಲ್ಲಿ
ಹಾಕಿ ಹಾಕಿ ಕೇಳಿದೆವು, ಅಂಗಡಿಯವ ಕೈಮುಗಿಯುವ ತನಕ.
ಮಾತು ಒಂದೂ ತಿಳಿಯದು.
ರಾಗ ಮಾತ್ರ ಕುಂಟಾಬಿಲ್ಲೆ,
ಒಂದು ಕಾಲೆತ್ತಿಕೊಂಡು ಮನೆಯಿಂದ ಮನೆಗೆ ಹಾರುತ್ತದೆ.
ನಡುನಡುವೆ ಗಾಜು ತಾಗಿದ ಸದ್ದು, ಟಿಣ್ ಟಿಣ್.
ಅದೇನೆಂದು ಒಂದು ವಾರ ತಲೆ ಕೆಡಿಸಿಕೊಂಡು
ಗೋಲಿಸೋಡಾ ಬಾಟಲಿಯೆಂದು ತೀರ್ಮಾನವಾಯಿತು.
ಆರು ಬಾಟಲಿ, ಎರಡು ಚಮಚ, ಬಡಿಯಲು ಹುಸೇನಿ.

ಪ್ಲೇಟಿಗೆ ಮೂರನೇ ನುಡಿಯಲ್ಲಿ ಗೀರು.
ಮುಳ್ಳು ಅಲ್ಲಿ ಎಡವುತ್ತಿತ್ತು:
ಲಲಲಾ ಲಲ, ಟಕ್.
ಲಲಲಾ ಲಲ, ಟಕ್.
ಲಲಲಾ ಲಲ, ಟಕ್.
ಆಮೇಲೆ ಏನೂ ಆಗದವರ ಹಾಗೆ ಓಡುತ್ತಿತ್ತು.
ಅದನ್ನೂ ಕಲಿತೆವು. ಸಾಬರ ಶಿಸ್ತು:
"ಕಟ್ಟಿದವ ಕಟ್ಟಿದಂಗೆ ನುಡಿಸಬೇಕು."
ಟಕ್ ನನ್ನದು, ಡ್ರಮ್ಮಿನ ಅಂಚಿನಲ್ಲಿ.
ಅಷ್ಟು ಹೊತ್ತೂ ಮೆರವಣಿಗೆ ಒಂದು ಕಾಲೆತ್ತಿ ನಿಲ್ಲುವುದು,
ಮದುಮಗನ ಕುದುರೆ ಕೂಡ.

ಮಂಡಿಪೇಟೆಯ ದಲಾಲರ ಮನೆ, ಬಾಷಾನಗರದ ನಿಕಾಹು,
ಗಿರಣಿ ಜಾಬರನ ನಾಲ್ಕು ಹೆಣ್ಣುಮಕ್ಕಳು,
ಪೆಟ್ರೋಮ್ಯಾಕ್ಸ್ ಹೊತ್ತವರೂ ಕೂಗುವರು
"ಹಾಲಪ್ಪಂದು ಹಾಕ್ರೀ!"

ಇಪ್ಪತ್ತೆರಡು ವರ್ಷವಾದ ಮೇಲೆ
ದುರುಗಪ್ಪನ ಮಗಳು ಚಂದ್ರಕಲಾ
ಇಂಗ್ಲಿಷ್ ಮೇಜರು ಓದಿ ಬಂದು ಪ್ಲೇಟಿಗೆ ಕಿವಿ ಕೊಟ್ಟಳು,
ನಕ್ಕು ನಕ್ಕು ನೆಲಕ್ಕೆ ಕೂತಳು.
"ಅಪ್ಪಾ, ಇದು ಹುಡುಗಿ ಕೈಕೊಟ್ಟವನ ಹಾಡು!
ಬಾಟಲಿಯಲ್ಲಿ ಹಾಲು ಹಾಕುವವನ ಕೂಡ
ಅವಳು ಹೋಗಿಬಿಟ್ಟಾಳೆ. ಇವನ ಹೊಸ್ತಿಲಲ್ಲಿ
ಖಾಲಿ ಬಾಟಲಿ ಟಿಣ್ ಟಿಣ್.
ಇನ್ನು ಕರೀ ಚಾ ಕುಡೀತೀನಿ, ಲಲಲಾ, ಅಂತಾನೆ."

ಯಾರೂ ಮಾತಾಡಲಿಲ್ಲ.
ಎಷ್ಟು ಮದುವೆಯೆಂದು ದುರುಗಪ್ಪ ಬೆರಳು ಮಡಚಿದ,
ಬಿಚ್ಚಿದ, ಬೀಡಿ ಹಚ್ಚಿದ.
"ಎಷ್ಟು ಮಂದಿ ಸಂಸಾರಕ್ಕೆ ಏನು ಊದಿಬಿಟ್ವೋ."
ರೀಡು ನಾಲಿಗೆಯಲ್ಲಿ ಒದ್ದೆ ಮಾಡುತ್ತಿದ್ದ ಸಾಬರು
ತಡವಾಗಿ ಅಂದರು:
"ಲಗ್ನದ ದಿನ ಗುಂಪಿನ ಹಿಂದೆ ಇಂಥವ ಒಬ್ಬ
ಇದ್ದೇ ಇರ್ತಾನೆ. ಅವನಿಗೂ ಒಂದು ಇರಲಿ ತಗಿ."

ಅವತ್ತಿನಿಂದ ನಾನು ಗುಂಪಿನ ಹಿಂದಕ್ಕೇ ನೋಡುತ್ತಿದ್ದೆ.
ಒಮ್ಮೆ ಕಾಯಿಪೇಟೆಯಲ್ಲಿ
ಇಸ್ತ್ರಿ ಅಂಗಿಯವನೊಬ್ಬ ಎಲ್ಲರಿಗಿಂತ ಜೋರಾಗಿ ಕುಣಿಯುತ್ತಿದ್ದ.
ಬರೀ ಕುಣಿತದ ಹುಚ್ಚೂ ಇರಬಹುದು.

ಗಿರಣಿ ಕೂಗು ನಿಂತಿತು. ಸಾಬರು ಹೋದರು.
ಡ್ರಮ್ಮಿನಲ್ಲಿ ಈಗ ನಮ್ಮ ಸೊಸೆ ಈರುಳ್ಳಿ ತುಂಬಿದ್ದಾಳೆ.
ಮೊನ್ನೆ ಮೊಮ್ಮಗ ಫೋನಿನಲ್ಲಿ ಹುಡುಕಿ ಹಾಕಿದ.
ಅದೇ ಐವರು, ಅದೇ ಹಲ್ಲು, ನೀರಿನಷ್ಟು ತಿಳಿ ಸದ್ದು.
ಮೂರನೇ ನುಡಿ ಬಂತು, ನನ್ನ ಬೆರಳು ಮಂಚದ ಅಂಚಿಗೆ
ಟಕ್ ಅಂದಿತು.
ಹಾಡು ನಿಲ್ಲಲೇ ಇಲ್ಲ, ದಡದಡ ದಾಟಿ ಹೋಯಿತು.

"ಬಂದ್ ಮಾಡೋ," ಅಂದೆ.
"ಇವರು ಸರಿಯಾಗಿ ಕಲಿತಿಲ್ಲ."